ಬಟವಾಡೆಯ ಊರುಗಳಲ್ಲಿ

ಚಿಕ್ಕಮಗಳೂರಿಗೆ ಬರುವ ಪ್ರವಾಸಿಗರ ದೃಷ್ಟಿಯು ಬಹುಮಟ್ಟಿಗೆ ಊರ್ಧ್ವಮುಖವಾದುದು. ಮುಳ್ಳಯ್ಯನಗಿರಿಯ ಶಿಖರವನ್ನೂ ಬಾಬಾಬುಡನ್‌ಗಿರಿಯ ಇಳಿಜಾರುಗಳನ್ನೂ ಕಣ್ತುಂಬ ನೋಡಿ, ಮಂಜಿನ ನಡುವೆ ನಿಂತು ಭಾವಚಿತ್ರ ತೆಗೆಸಿಕೊಂಡು, ಬಂದ ಹಾದಿಯಲ್ಲಿಯೇ ಬೆಂಗಳೂರಿಗೆ ಮರಳುವವರಿಗೆ, ಆ ಗಿರಿಶ್ರೇಣಿಯ ಪಾದದಲ್ಲಿ ಒಂದು ಪೇಟೆಯಿರುವುದಾಗಲಿ, ಆ ಪೇಟೆಯ ಹತ್ತಡಿ ಅಗಲದ ಅಂಗಡಿಗಳನ್ನೇ ನೆಚ್ಚಿಕೊಂಡು ಅಸಂಖ್ಯ ಸಂಸಾರಗಳು ಬದುಕುತ್ತಿರುವುದಾಗಲಿ ಗೋಚರಿಸುವ ಸಂಭವವು ವಿರಳ. ನಾನು ಈ ಸಲ ಹೊರಟುದು ಪೇಟೆಯನ್ನು ನೋಡುವುದಕ್ಕೆ. ರಾಜಧಾನಿಯ ಸಭಾಂಗಣಗಳಲ್ಲಿ, ಬೀದಿಯ ಮುಖಂಡರಿಗೂ ಸಣ್ಣ ವ್ಯಾಪಾರಿಗಳಿಗೂ ನೆರವಾಗುವುದು ಹೇಗೆ ಎಂಬ ವಿಷಯದ ಮೇಲೆ ನಡೆಯುವ ಉಪನ್ಯಾಸಗಳನ್ನು ಕೇಳಿ ಕೇಳಿ, ಆ ಸಭೆಗಳಲ್ಲಿ ಒಬ್ಬ ಬೀದಿಯ ಮುಖಂಡನಾದರೂ ಒಬ್ಬ ಸಣ್ಣ ವ್ಯಾಪಾರಿಯಾದರೂ ಆಸೀನನಾಗಿರದುದನ್ನು ಕಂಡು, ಬೇಸರವೂ ಕುತೂಹಲವೂ ಸಮನಾಗಿ ಬೆರೆತ ಮನಸ್ಸಿನಿಂದ, ಆ ಮಹಾನಗರವು ಪ್ರತಿದಿನ ಪ್ರಾತಃಕಾಲದಲ್ಲಿ ಕುಡಿಯುವ ಕಾಫಿಯು ಯಾವ ಬೆಟ್ಟಗಳಿಂದ ಇಳಿದುಬರುವುದೋ ಆ ಬೆಟ್ಟಗಳಲ್ಲಿ ಸಣ್ಣವರು ಒಬ್ಬರಿಗೊಬ್ಬರು ಆಧಾರವಾಗಿ ನಿಂತ ಬಗೆಯನ್ನು ಕಾಣಬೇಕೆಂದು ಹೊರಟೆನು.

ಪೇಟೆಯ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಬೆಳಗಿನ ಹೊತ್ತು ನಡೆದವನಿಗೆ ದಾರಿಯನ್ನು ತೋರಿಸುವುದು ಮೂಗು. ಹುರಿಯುವ ಯಂತ್ರವು ಒಮ್ಮೆ ತಿರುಗತೊಡಗಿತೆಂದರೆ ಎರಡು ಮೂರು ಬೀದಿಗಳಾಚೆಗೂ ಆ ಪರಿಮಳವು ಹರಡಿಕೊಳ್ಳುವುದು. ನಾನು ಹೊಕ್ಕ ಪುಡಿಯ ಅಂಗಡಿಯಲ್ಲಿ ಒಂದು ತಕ್ಕಡಿ, ಒಂದು ಬೀಸುವ ಯಂತ್ರ, ಗೋಡೆಗೊರಗಿಸಿದ ಒಂದು ಬೆಂಚು, ಇಷ್ಟೇ ಸಾಮಗ್ರಿ. ಗಿರಾಕಿಗಳು ಬಂದು 'ಎಂಬತ್ತು ಇಪ್ಪತ್ತು ಅರ್ಧ ಕೆಜಿ' ಎನ್ನುವರು. ಚಿಕೋರಿಯ ಪ್ರಮಾಣವನ್ನು ಬಾಯಲ್ಲಿ ಹೇಳಬೇಕಾದ ಅಗತ್ಯವೂ ಇಲ್ಲದ ಹಳಬರಿಗೆ, ಅಂಗಡಿಯವರು ಮುಖ ನೋಡಿದೊಡನೆಯೇ ಅಳೆದು ಕಟ್ಟಿಕೊಡುವರು. ಆದರೆ ಆ ಬೆಂಚಿನ ಮೇಲೆ ಕುಳಿತವರಲ್ಲಿ ಅರ್ಧದಷ್ಟು ಜನ ಪುಡಿಗಾಗಿ ಬಂದವರಲ್ಲವೆಂಬುದು ನನಗೆ ನಿಧಾನವಾಗಿ ತಿಳಿಯಿತು. ಒಬ್ಬರು ಆ ದಿನದ ಚೆರ್ರಿಯ, ಎಂದರೆ ಹಣ್ಣಿನೊಡನೆಯೇ ಒಣಗಿಸಿದ ಕಾಫಿಯ, ದರವನ್ನು ಕೇಳಲು ಬಂದಿದ್ದರು. ಇನ್ನೊಬ್ಬರು ತಮ್ಮ ಪಾರ್ಚ್‌ಮೆಂಟಿಗೆ, ಎಂದರೆ ಸಿಪ್ಪೆ ಸುಲಿದು ತೊಳೆದು ಒಣಗಿಸಿದ ಕಾಫಿಗೆ, ವ್ಯಾಪಾರಿಯು ಹೇಳಿದ ಔಟ್‌ಟರ್ನ್, ಎಂದರೆ ಬೀಜದ ಇಳುವರಿಯ ಲೆಕ್ಕವು, ನ್ಯಾಯವಾದುದೇ ಅಲ್ಲವೇ ಎಂದು ವಿಚಾರಿಸಲು ಬಂದಿದ್ದರು. ಮತ್ತೊಬ್ಬರು ತಮ್ಮ ಮಗನ ಕಾಲೇಜಿನ ಅರ್ಜಿಯನ್ನು ಯಾರ ಕೈಯಲ್ಲಿ ಬರೆಯಿಸುವುದೆಂಬ ಚಿಂತೆಯಲ್ಲಿದ್ದರು. ಅಂಗಡಿಯ ಯಜಮಾನರು ತಕ್ಕಡಿಯಿಂದ ಕಣ್ಣೆತ್ತದೆಯೇ ಮೂವರಿಗೂ ಉತ್ತರ ಹೇಳುತ್ತಿದ್ದರು. ಅವರನ್ನು ಯಾರೂ ಚುನಾಯಿಸಿರಲಿಲ್ಲ, ಅವರ ಎದೆಯ ಮೇಲೆ ಯಾವ ಪದಕವೂ ಇರಲಿಲ್ಲ. ಆದರೂ ಆ ಬೀದಿಗೆ ಮುಖಂಡರು ಯಾರೆಂದು ಕೇಳಿದ್ದರೆ ಬೆಂಚಿನ ಮೇಲಿದ್ದವರೆಲ್ಲರೂ ಒಂದೇ ದಿಕ್ಕಿಗೆ ಕೈ ತೋರಿಸುತ್ತಿದ್ದರೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಈ ಸೀಮೆಯ ಕಾಫಿಯೆಂದರೆ ಸಾವಿರಾರು ಎಕರೆಯ ದೊರೆಗಳ ಬೆಳೆಯೆಂದು ಭಾವಿಸುವವರು ಇಂದಿಗೂ ಇದ್ದಾರೆ. ವಾಸ್ತವವು ಬೇರೆ. ಭಾರತದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕಿಂತಲೂ ಹೆಚ್ಚಿನವು ಹತ್ತು ಹೆಕ್ಟೇರಿನ ಒಳಗಿನವು, ಎಂದರೆ ಇಪ್ಪತ್ತೈದು ಎಕರೆಯನ್ನು ಮೀರದವು. ಅವುಗಳಲ್ಲಿಯೂ ಎರಡು ಮೂರು ಎಕರೆಯ ತೋಟಗಳೇ ಬಹಳ. ಇಂತಹ ತೋಟದ ಒಡೆಯನು ಹೆಸರಿಗೆ ಪ್ಲಾಂಟರು, ಅನುಭವದಲ್ಲಿ ಕಿರಾಣಿ ಅಂಗಡಿಯವನಂತೆಯೇ ದಿನದ ಖರ್ಚನ್ನು ಲೆಕ್ಕ ಹಾಕುವ ಸಣ್ಣ ವ್ಯವಹಾರಸ್ಥ. ಮಾರ್ಚಿ ಏಪ್ರಿಲ್ ತಿಂಗಳುಗಳಲ್ಲಿ ಹೂವಿನ ಮಳೆಯು ಒಂದು ವಾರ ತಡವಾದರೆ ಅವನ ವರ್ಷದ ಬಾಳೇ ತಪ್ಪುವುದು. ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕವು ಹತ್ತಿದರೆ ಗಿಡವನ್ನೇ ಕಿತ್ತು ಸುಡಬೇಕಾಗುವುದು. ಇವೆರಡಕ್ಕೂ ಮಿಗಿಲಾದ ಭಯವೆಂದರೆ ದರದ ಭಯ. 2001ರ ಸುಮಾರಿಗೆ ದರವು ನೆಲಕಚ್ಚಿದಾಗ ಹಣ್ಣನ್ನು ಕೊಯ್ಯುವ ಕೂಲಿಯೂ ಹುಟ್ಟದೆ ಗಿಡದಲ್ಲಿಯೇ ಬಿಟ್ಟವರಿದ್ದರು. 2024ರ ವೇಳೆಗೆ ಅದೇ ಕಾಫಿಯು ಹಿಂದೆಂದೂ ಕಾಣದ ಬೆಲೆಗೆ ಏರಿತು. ಇಳಿದಾಗ ಮುಳುಗಿದವರು ಏರುವವರೆಗೆ ಉಳಿದಿದ್ದರೆ ತಾನೆ ಏರಿಕೆಯ ಸುಖ?

ಹಾಗೆ ಉಳಿಯಲೆಂದು ಸರ್ಕಾರವು ಒಂದು ಕಾಲದಲ್ಲಿ ಮಾಡಿದ ಏರ್ಪಾಡಿನ ಕಥೆಯು ವಿಚಾರಾರ್ಹವಾದುದು. ಎರಡನೆಯ ಮಹಾಯುದ್ಧದಿಂದ ಯೂರೋಪಿನ ಮಾರುಕಟ್ಟೆಯು ಮುಚ್ಚಿಹೋಗಿ ಕಾಫಿಯನ್ನು ಕೇಳುವವರೇ ಇಲ್ಲವಾದಾಗ, 1942ರ ಕಾಯಿದೆಯ ಪ್ರಕಾರ ಬೆಳೆಗಾರರೆಲ್ಲರೂ ತಮ್ಮ ಬೆಳೆಯನ್ನು ಕಾಫಿ ಮಂಡಳಿಯ ಸಾಮಾನ್ಯ ಪೂಲಿಗೆ ಒಪ್ಪಿಸಬೇಕೆಂಬ ನಿಯಮವು ಜಾರಿಗೆ ಬಂದಿತು. ದೊಡ್ಡವನ ಮೂಟೆಯೂ ಸಣ್ಣವನ ಮೂಟೆಯೂ ಒಂದೇ ರಾಶಿಯಲ್ಲಿ ಬಿದ್ದು, ಗುಣಕ್ಕೆ ತಕ್ಕ ಅಂಕಗಳ ಮೇಲೆ ಬೆಲೆಯು ನಿಷ್ಕರ್ಷೆಯಾಗುತ್ತಿದ್ದಿತು. ವ್ಯಾಪಾರಿಯ ಮುಂದೆ ಕೈಕಟ್ಟಿ ನಿಲ್ಲಬೇಕಾಗಿದ್ದ ಎರಡೆಕರೆಯವನಿಗೆ ಇದೊಂದು ಮಹೋಪಕಾರವೆಂಬುದನ್ನು ಅಲ್ಲಗಳೆಯಲಾಗದು. ಆದರೆ ಹಣವು ಕಂತುಕಂತಾಗಿ ಬರುತ್ತಿದ್ದಿತು. ಈ ವರ್ಷ ಕೊಟ್ಟ ಕಾಫಿಯ ಕೊನೆಯ ಕಂತಿಗಾಗಿ ಮುಂದಿನ ಕೊಯ್ಲು ಮುಗಿದ ಮೇಲೂ ಕಾಯಬೇಕಾಗುತ್ತಿದ್ದಿತು. ಸಾವಿರ ಎಕರೆಯವನು ಕಾಯಬಲ್ಲನು. ಸಣ್ಣವನು ಕಾಯುವ ಅವಧಿಯಲ್ಲಿ ಅದೇ ವ್ಯಾಪಾರಿಯಲ್ಲಿಗೆ ಸಾಲಕ್ಕೆ ಹೋಗುತ್ತಿದ್ದನು. 1990ರ ದಶಕದಲ್ಲಿ ನಿಯಮಗಳು ಹಂತಹಂತವಾಗಿ ಸಡಿಲಗೊಂಡು 1996ರ ಹೊತ್ತಿಗೆ ಪೂಲು ಸಂಪೂರ್ಣವಾಗಿ ನಿಂತಿತು. ಅಂದಿನಿಂದ ಬೆಳೆಗಾರನು ತನ್ನ ಕಣದಲ್ಲಿ ಒಣಗಿದುದನ್ನು ತನಗೆ ಬೇಕಾದಾಗ ಬೇಕಾದವರಿಗೆ ಮಾರುವ ಸ್ವಾತಂತ್ರ್ಯವನ್ನು ಪಡೆದನು, ಅದರೊಡನೆ ಬೇಕಾದಾಗ ಮುಳುಗುವ ಸ್ವಾತಂತ್ರ್ಯವನ್ನೂ. ಪೂಲಿನ ಕಾಲವೇ ಮೇಲಾಗಿತ್ತೆನ್ನುವ ವೃದ್ಧರನ್ನೂ, ಅದು ಹೋದುದೇ ಪುಣ್ಯವೆನ್ನುವ ಅವರ ಮಕ್ಕಳನ್ನೂ ನಾನು ಒಂದೇ ಮನೆಯ ಜಗುಲಿಯಲ್ಲಿ ಕಂಡೆನು. ಇಬ್ಬರ ಮಾತಿನಲ್ಲಿಯೂ ದೂರು ಒಂದೇ: ಹಣವು ಬೇಕಾದ ಹೊತ್ತಿಗೆ ಬರಲಿಲ್ಲ.

ಇದೇ ಮಂಡಳಿಯ ಇನ್ನೊಂದು ಸಂತಾನವು ಬೆಂಗಳೂರಿಗೆ ಸೇರಿದುದು. ಕಾಫಿಯನ್ನು ಕುಡಿಯುವ ಅಭ್ಯಾಸವನ್ನು ದೇಶದಲ್ಲಿ ಹರಡಬೇಕೆಂದು 1930ರ ದಶಕದಿಂದ ಆರಂಭವಾದ ಕಾಫಿ ಹೌಸುಗಳನ್ನು ಮಂಡಳಿಯು 1950ರ ದಶಕದ ಮಧ್ಯಭಾಗದಲ್ಲಿ ಮುಚ್ಚತೊಡಗಿದಾಗ, ಪೇಟ ಧರಿಸಿ ಲೋಟಗಳನ್ನು ಹೊತ್ತು ತಿರುಗುತ್ತಿದ್ದ ಮಾಣಿಗಳೂ ಅಡಿಗೆಯವರೂ ನಿರುದ್ಯೋಗಿಗಳಾದರು. ಕಾರ್ಮಿಕ ನಾಯಕರಾದ ಎ. ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಆ ಕೆಲಸಗಾರರೇ ಸಹಕಾರ ಸಂಘಗಳನ್ನು ಕಟ್ಟಿಕೊಂಡರು; ಅವುಗಳಲ್ಲಿ ಮೊದಲನೆಯದು 1957ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಕೆಲಸದಿಂದ ತೆಗೆದುಹಾಕಲ್ಪಟ್ಟವರೇ ಒಡೆಯರಾದರು. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯ ಜಾಗವನ್ನು ಬಿಡಬೇಕಾಗಿ ಬಂದಾಗ ಅಲ್ಲಿನ ಕಾಫಿ ಹೌಸು 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಸ್ಥಳಾಂತರ ಹೊಂದಿತು; ಹೊಂದಿದರೂ ಉಳಿಯಿತು. ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ 1844ರಲ್ಲಿ ನೇಕಾರರು ಕೂಡಿ ಒಂದು ದಿನಸಿ ಅಂಗಡಿಯನ್ನು ತೆರೆದುದನ್ನು ಸಹಕಾರ ಚಳವಳಿಯ ಆದಿಯೆಂದು ಪಠ್ಯಪುಸ್ತಕಗಳು ಹೇಳುವುವು. ನಮ್ಮ ಗದುಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಕೃಷಿ ಪತ್ತಿನ ಸಂಘವನ್ನೂ ಅವು ಸ್ಮರಿಸುವುವು. ಆ ಪಂಕ್ತಿಯಲ್ಲಿ ಈ ಪೇಟದ ಮಾಣಿಗಳಿಗೂ ಒಂದು ಮಣೆಯನ್ನು ಹಾಕಬೇಕೆಂಬುದು ನನ್ನ ಅಭಿಪ್ರಾಯ.

ಚಿಕ್ಕಮಗಳೂರಿನ ಮಾರುಕಟ್ಟೆಯ ಬದಿಯಲ್ಲಿ ಸೊಪ್ಪು, ಕಾಯಿಮೆಣಸು, ಮಾವಿನಮಿಡಿಗಳನ್ನು ಹರಡಿಕೊಂಡು ಕೂರುವವರಲ್ಲಿ ಒಬ್ಬ ತಾಯಿಯೊಡನೆ ನನಗೆ ಸಂಭಾಷಣೆಯು ಒದಗಿತು. ಆಕೆಗೆ ವಯಸ್ಸು ಅರವತ್ತರ ಸಮೀಪ. ಎಡಬಲದ ಸಾಲಿನವರೆಲ್ಲ ಆಕೆಯನ್ನು 'ಅಕ್ಕ' ಎಂದೇ ಕರೆಯುತ್ತಿದ್ದರು. ನಗರಸಭೆಯ ಸಿಬ್ಬಂದಿಯವರು ಜಾಗ ತೆರವು ಮಾಡಿಸಲು ಬಂದ ದಿನ ಎದ್ದು ನಿಂತು ಮಾತಾಡಿದವಳೂ ಆಕೆಯೇ ಎಂದು ಪಕ್ಕದ ಹುಡುಗನು ಹೆಮ್ಮೆಯಿಂದ ತಿಳಿಸಿದನು. 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ ಪ್ರತಿ ಪಟ್ಟಣಕ್ಕೂ ಒಂದು ವ್ಯಾಪಾರ ಸಮಿತಿಯಿರಬೇಕು, ಅದರ ಸದಸ್ಯರಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಸ್ತ್ರೀಯರಿರಬೇಕು. ಕಾಗದದ ಮೇಲೆ ಇದಕ್ಕಿಂತ ಸುಂದರವಾದ ವ್ಯವಸ್ಥೆಯನ್ನು ಕಲ್ಪಿಸುವುದು ಕಷ್ಟ. ಇದನ್ನು ನಾನು ಉತ್ಸಾಹದಿಂದ ಪ್ರಸ್ತಾಪಿಸಿದಾಗ ಆಕೆಯು ಸೊಪ್ಪಿಗೆ ನೀರು ಚಿಮುಕಿಸುತ್ತ, "ಕಾರ್ಡು ಕೊಟ್ಟಿದಾರೆ ಸಾರ್, ಇಲ್ಲ ಅನ್ನಲ್ಲ. ಕಾರ್ಡು ಇಟ್ಕೊಂಡು ಎಲ್ಲಿ ಕೂರ್ಬೇಕು ಅಂತ ಕೇಳಿದ್ರೆ ಮಾತ್ರ ಯಾರೂ ಹೇಳಲ್ಲ," ಎಂದಳು.

2020ರ ಸೋಂಕಿನ ವರ್ಷದಲ್ಲಿ ಕೇಂದ್ರ ಸರ್ಕಾರವು ಬೀದಿ ವ್ಯಾಪಾರಿಗಳಿಗೆ ಹತ್ತು ಸಾವಿರ ರೂಪಾಯಿಗಳ ಮೊದಲ ಸಾಲವನ್ನು ಕೊಡುವ ಯೋಜನೆಯನ್ನು ತಂದುದೂ, ಅದಕ್ಕೂ ಮುಂಚೆ 2018ರಲ್ಲಿ ನಮ್ಮ ರಾಜ್ಯವು 'ಬಡವರ ಬಂಧು' ಎಂಬ ಹೆಸರಿನಲ್ಲಿ ಬಡ್ಡಿಯಿಲ್ಲದ ಕಿರುಸಾಲವನ್ನು ಆರಂಭಿಸಿದುದೂ ಆಕೆಗೆ ಚೆನ್ನಾಗಿ ತಿಳಿದಿದ್ದಿತು. ಬೆಳಗ್ಗೆ ಒಂಬೈನೂರು ರೂಪಾಯಿಗಳನ್ನು ಕೊಟ್ಟು ಸಂಜೆ ಸಾವಿರವನ್ನು ವಸೂಲು ಮಾಡುವ ಮೀಟರ್ ಬಡ್ಡಿಯವರ ಹಿಡಿತದಿಂದ ತನ್ನ ಸಾಲಿನ ಕೆಲವರಾದರೂ ಬಿಡಿಸಿಕೊಂಡುದು ಆ ಸಾಲಗಳಿಂದಲೇ ಎಂದು ಒಪ್ಪಿಕೊಂಡಳು. ಬ್ಯಾಂಕಿನವರಿಗೆ 'ಈಕೆ ನಂಬಿಕಸ್ಥೆ' ಎಂದು ಹೇಳಿ ಬರಲು ಅವರೆಲ್ಲರ ಜೊತೆಗೆ ಹೋದವರು ಯಾರೆಂದು ಕೇಳಿದೆನು. "ನಾನೇ ಹೋಗಿದ್ದೆ. ಮತ್ಯಾರು ಹೋಗ್ತಾರೆ?" ಎಂದಳು. ಆ ದಿನಗಳ ತನ್ನ ವ್ಯಾಪಾರವು ಏನಾಯಿತೆಂಬುದನ್ನು ಆಕೆಯು ಹೇಳಲಿಲ್ಲ. ಮುಖಂಡತನಕ್ಕೆ ತಗಲುವ ಈ ವೆಚ್ಚವನ್ನು ಯಾವ ಯೋಜನೆಯ ಅಂದಾಜುಪಟ್ಟಿಯಲ್ಲಿಯೂ ನಾನು ನೋಡಿದ್ದಿಲ್ಲ.

ಮೂಡಿಗೆರೆಯ ಬಸ್ಸು ಆಲ್ದೂರನ್ನು ದಾಟುತ್ತಿದ್ದಂತೆ ಬೆಳಕಿನ ಬಣ್ಣವೇ ಬದಲಾಗುವುದು. ಸಿಲ್ವರ್ ಓಕ್ ಮರಗಳ ಮೇಲೆ ಹಬ್ಬಿದ ಮೆಣಸಿನ ಬಳ್ಳಿ, ಅದರ ಕೆಳಗೆ ಕಾಫಿ, ಅಲ್ಲಲ್ಲಿ ಮರಗಸಿ ಮಾಡಿ ಬೀಳಿಸಿದ ಕೊಂಬೆಗಳು, ಬೇಲಿಯಾಚೆ ಕೂಲಿಯವರು ವಾಸಿಸುವ ಒಂದು ಸಾಲು ಲೈನ್ ಮನೆಗಳು. ಈ ಲೈನುಗಳಲ್ಲಿ ಈಗ ತುಳುವೂ ತಮಿಳೂ ಮಾತ್ರವಲ್ಲದೆ ಅಸ್ಸಾಮಿನ ಮಾತೂ ಕೇಳಿಬರುವುದು. ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ಬರುತ್ತಿದ್ದ ಆಳುಗಳ ಸಂಖ್ಯೆ ಇಳಿದ ಮೇಲೆ, ರೈಲಿನಲ್ಲಿ ದಿನಗಟ್ಟಲೆ ಪಯಣಿಸಿ ಬರುವ ತರುಣರಿಂದಲೇ ಅನೇಕ ತೋಟಗಳ ಕೊಯ್ಲು ನಡೆಯುತ್ತಿದೆ. ತೋಟಗಳು ಯಾರವೇ ಆಗಲಿ, ಕೂಲಿಯವರು ಎಲ್ಲಿಯವರೇ ಆಗಲಿ, ಈ ನಾಡಿನ ಪೇಟೆಗಳ ಪಂಚಾಂಗವೊಂದೇ. ಅದು ಬಟವಾಡೆಯ ಪಂಚಾಂಗ. ತೋಟದ ಗುಮಾಸ್ತನಾದ ರೈಟರು ಹಾಜರಿ ಪುಸ್ತಕವನ್ನು ನೋಡಿ ವಾರದ ಕೂಲಿಯನ್ನು ಹಂಚಿದ ದಿನ ಪೇಟೆಗೆ ಪ್ರಾಣ ಬರುವುದು. ಒಣಮೀನು, ತೆಂಗಿನಕಾಯಿ, ಪ್ಲಾಸ್ಟಿಕ್ ಕೊಡ, ರೇನ್‌ಕೋಟು, ಮೊಬೈಲಿನ ರೀಚಾರ್ಜು ಎಲ್ಲವೂ ಆ ಒಂದು ಹೊಳೆಯಲ್ಲಿಯೇ ತೇಲುವುವು. ಮಳೆಗಾಲದಲ್ಲಿ ಕೆಲಸವು ನಿಂತು ಬಟವಾಡೆಯು ಕುಗ್ಗಿದರೆ ಸಂತೆಯೂ ಕುಗ್ಗುವುದು.

ಮೂಡಿಗೆರೆಯಲ್ಲಿ ನಾನು ತಂಗಿದ್ದುದು ಸಂತೆಯ ಮುನ್ನಾದಿನ. ಪೂರ್ಣಚಂದ್ರ ತೇಜಸ್ವಿಯವರು ಬಾಳಿ ಬರೆದ ಊರೆಂಬ ಕಾರಣಕ್ಕೆ ಇಲ್ಲಿಗೆ ಬರುವ ತರುಣರ ಸಂಖ್ಯೆಯು ದೊಡ್ಡದು. ಅವರು ಹಕ್ಕಿಗಳನ್ನೂ ಕಾಡನ್ನೂ ಹುಡುಕಿ ಹೋಗುವರು, ಆದರೆ ಆ ಬರಹಗಳಲ್ಲಿ ಹಕ್ಕಿಗಳಷ್ಟೇ ಸಜೀವವಾಗಿ ಸೈಕಲ್ ಶಾಪಿನವರೂ ರಿಪೇರಿಯವರೂ ಚಹದ ಅಂಗಡಿಯವರೂ ಓಡಾಡುತ್ತಿರುವುದನ್ನು ಮರೆಯುವರೆಂದು ನನಗೆ ತೋರುತ್ತದೆ. ನಾನು ಸಂಜೆಯನ್ನು ಕಳೆದುದು ಒಂದು ದಿನಸಿ ಅಂಗಡಿಯಲ್ಲಿ. ಅಂಗಡಿಯವರ ಮೊಣಕೈಯ ಬಳಿ, ಮೂಲೆಗಳು ಮಡಿಸಿಹೋದ ಒಂದು ಉದ್ದನೆಯ ಪುಸ್ತಕ. ಪ್ರತಿ ಪುಟಕ್ಕೂ ಒಂದು ಸಂಸಾರ. 'ಬರ್ಕೊಳ್ಳಿ' ಎಂದು ಹೇಳಿ ಅಕ್ಕಿಯನ್ನು ಒಯ್ಯುವವರು, ಬಟವಾಡೆಯ ದಿನ ಬಂದು ಅರ್ಧ ಕೊಟ್ಟು ಮತ್ತೆ ಬರೆಯಿಸುವವರು. "ಉದ್ರಿ ಕೊಡದಿದ್ರೆ ಅಂಗಡಿ ನಡೆಯಲ್ಲ, ಕೊಟ್ರೆ ಗಂಟು ಉಳಿಯಲ್ಲ ಮಾರಾಯ್ರೆ," ಎಂದು ನಗುತ್ತ, ಒಂದು ಪುಟವನ್ನು ನನಗೆ ತೋರದಂತೆ ಮಗುಚಿದರು. ಆ ಮಗುಚುವಿಕೆಯಲ್ಲಿದ್ದ ಮರ್ಯಾದೆಯನ್ನು ನಾನು ಗಮನಿಸಿದೆನು.

ಈ ಉದ್ರಿಯನ್ನು ಹಾಡಿ ಹೊಗಳಿಬಿಡುವುದು ಸುಲಭ; ಹೊಗಳಿದವರನ್ನು ನಾನು ಓದಿದ್ದೇನೆ. ಆದರೆ ಇದೇ ಪುಸ್ತಕದ ಇನ್ನೊಂದು ಮುಖವನ್ನು ಕಾಣದೆ ಇಲ್ಲಿಂದ ಹೋಗುವುದು ನ್ಯಾಯವಲ್ಲ. ಹಣ್ಣು ಇನ್ನೂ ಗಿಡದಲ್ಲಿ ಹಸುರಾಗಿರುವಾಗಲೇ ಮಗಳ ಮದುವೆಗೋ ಆಸ್ಪತ್ರೆಯ ಬಿಲ್ಲಿಗೋ ಮುಂಗಡವನ್ನು ಪಡೆದ ಸಣ್ಣ ಬೆಳೆಗಾರನು, ಕೊಯ್ಲಿನ ವೇಳೆಗೆ ದರವು ಎಲ್ಲಿಗೇರಿದ್ದರೂ ಮುಂಗಡ ಕೊಟ್ಟವನು ಹೇಳಿದ ಬೆಲೆಗೇ ಮೂಟೆಯನ್ನು ಇಳಿಸಬೇಕಾಗುವುದು. ಬರೆದವನ ಲೆಕ್ಕವನ್ನು ಪ್ರಶ್ನಿಸಲು ಬರೆಯಿಸಿದವನಿಗೆ ಬಾಯಿಯಿರದು. ಪರಿಚಯವೆಂಬುದು ಆಸರೆಯೂ ಹೌದು, ಪಾಶವೂ ಹೌದು. ಅದು ಪಾಶವಾಗದಂತೆ ಇರುವುದು ಒಂದು ಸಂದರ್ಭದಲ್ಲಿ ಮಾತ್ರ: ಸಾಲಕ್ಕೆ ಹೋಗಲು ಎರಡನೆಯದೊಂದು ಬಾಗಿಲು ಊರಿನಲ್ಲಿ ಇದ್ದಾಗ. ಸಹಕಾರ ಸಂಘದ ಬಾಗಿಲು ತೆರೆದಿರುವ ಹಳ್ಳಿಯಲ್ಲಿ ದಿನಸಿ ಅಂಗಡಿಯವರ ಬಡ್ಡಿಯೂ ಸಭ್ಯವಾಗಿರುವುದೆಂದು ಆ ಅಂಗಡಿಯವರೇ ನನಗೆ ಹೇಳಿದರು. ತಮ್ಮ ವೃತ್ತಿಗೆ ವಿರುದ್ಧವಾದ ಈ ಸಾಕ್ಷ್ಯವನ್ನು ನುಡಿದ ಅವರ ಪ್ರಾಮಾಣಿಕತೆಗೆ ನಮಸ್ಕಾರ.

ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತಾಗ ಎಲ್ಲರೂ ಇಳಿದು ನೀರ್‌ದೋಸೆಯನ್ನು ತಿನ್ನುವುದು ಅಲಿಖಿತ ನಿಯಮ. ಇಲ್ಲಿಂದ ಎಡಕ್ಕೆ ಚಾರ್ಮಾಡಿಯ ಘಟ್ಟವಿಳಿದರೆ ಕರಾವಳಿ, ಬಲಕ್ಕೆ ತಿರುಗಿದರೆ ಕಳಸ. ಹೇಮಾವತಿಯು ಹುಟ್ಟುವ ಜಾವಳಿಯನ್ನೂ, ಚಹದ ತೋಟಗಳು ಕತ್ತರಿಸಿದಂತೆ ಒಪ್ಪವಾಗಿ ಹಬ್ಬಿರುವ ಕೆಳಗೂರನ್ನೂ ಹಾದುಹೋಗುವ ಆ ಹಾದಿಯಲ್ಲಿ, 2019ರ ಆಗಸ್ಟಿನ ಮಳೆಗೆ ಜರಿದ ಗುಡ್ಡಗಳ ಗಾಯಗಳು ಕೆಲವೆಡೆ ಇನ್ನೂ ಕೆಂಪಾಗಿಯೇ ಇವೆ. ರಸ್ತೆಯು ಇಕ್ಕಟ್ಟು, ತಿರುವುಗಳು ಅನೇಕ, ಮನೆಗಳು ದೂರದೂರ; ಇಂತಹ ನಾಡಿನಲ್ಲಿ ಬಸ್ಸೆಂಬುದು ಬರಿಯ ವಾಹನವಾಗಿರಲಾರದು. ಕಂಡಕ್ಟರನು ಔಷಧದ ಚೀಟಿಯನ್ನು ಒಯ್ಯುವನು, ಪಂಪಿನ ಬಿಡಿಭಾಗವನ್ನು ತರುವನು, ಹಾಲಿನ ಕ್ಯಾನನ್ನು ಇಳಿಸುವನು, ತೋಟದ ಗೇಟಿನಲ್ಲಿ ಶಾಲೆಯ ಮಗುವು ಇನ್ನೂ ಬಂದಿರದಿದ್ದರೆ ಹಾರನ್ನು ಹೊಡೆದು ಕಾಯುವನು.

ಈ ಸೀಮೆಯಲ್ಲಿ ಬಸ್ಸಿನ ಮಾತು ಬಂದ ಮೇಲೆ 'ಸಹಕಾರ ಸಾರಿಗೆ'ಯನ್ನು ನೆನೆಯದವರನ್ನು ನಾನು ಕಾಣಲಿಲ್ಲ. ಕೊಪ್ಪದಲ್ಲಿ ಶಂಕರ್ ಟ್ರಾನ್ಸ್‌ಪೋರ್ಟ್ ಎಂಬ ಖಾಸಗಿ ಸಂಸ್ಥೆಯು ಕಾರ್ಮಿಕ ವಿವಾದದ ತರುವಾಯ ಮುಚ್ಚಿದಾಗ, ಕೆಲಸ ಕಳೆದುಕೊಂಡ ಚಾಲಕರೂ ನಿರ್ವಾಹಕರೂ ಯಂತ್ರದ ಕೆಲಸಗಾರರೂ ತಮಗೆ ಬಂದ ಪರಿಹಾರದ ಹಣವನ್ನು ಮನೆಗೊಯ್ಯದೆ ಒಂದೆಡೆ ಕೂಡಿಸಿ, 1991ರಲ್ಲಿ ತಮ್ಮದೇ ಒಂದು ಸಹಕಾರ ಸಂಘವನ್ನು ಕಟ್ಟಿ ಬೆರಳೆಣಿಕೆಯ ಬಸ್ಸುಗಳನ್ನು ಓಡಿಸತೊಡಗಿದರು. ಅವು ವರ್ಷದಿಂದ ವರ್ಷಕ್ಕೆ ಹೆಚ್ಚಿ, ಚಿಕ್ಕಮಗಳೂರು, ಶಿವಮೊಗ್ಗ, ಉಡುಪಿ ಜಿಲ್ಲೆಗಳ ಹಾದಿಗಳಲ್ಲಿ ಎಪ್ಪತ್ತಕ್ಕೂ ಮಿಕ್ಕ ಬಸ್ಸುಗಳಾದುವು. ದೊಡ್ಡ ಬಂಡವಾಳಗಾರನಿಗೆ ಲಾಭವಿಲ್ಲವೆಂದು ತೋರಿದ ಒಳಹಳ್ಳಿಗಳಿಗೂ ಅವು ಹೋಗುತ್ತಿದ್ದುವು. ವಿದ್ಯಾರ್ಥಿಗಳಿಗೂ ಅಂಗವಿಕಲರಿಗೂ ದರದಲ್ಲಿ ರಿಯಾಯಿತಿಯನ್ನು ಕೊಡುತ್ತಿದ್ದುವು. ಬೆಂಗಳೂರಿನ ಕಾಫಿ ಹೌಸಿನ ಮಾಣಿಗಳು 1957ರಲ್ಲಿ ಮಾಡಿದುದನ್ನೇ ಮಲೆನಾಡಿನ ಚಾಲಕರು ಮೂವತ್ತನಾಲ್ಕು ವರ್ಷಗಳ ಬಳಿಕ, ಬಹುಶಃ ಅವರ ಕಥೆಯನ್ನು ಕೇಳದೆಯೇ, ಮಾಡಿ ತೋರಿಸಿದರು.

ಕಳಸದ ಬಸ್ ನಿಲ್ದಾಣದಲ್ಲಿ ಆ ಸಂಘದಲ್ಲಿ ದುಡಿದಿದ್ದ ಒಬ್ಬ ಹಿರಿಯರು ಸಿಕ್ಕಿದರು. ಬಿಳಿಯ ಶರಟು, ಜೇಬಿನಲ್ಲಿ ಎರಡು ಪೆನ್ನು. ಕೆಲಸವು ಹೋಗಿ ವರ್ಷಗಳಾದರೂ ಬಸ್ಸುಗಳು ಬಂದು ಹೋಗುವ ವೇಳೆಯನ್ನು ಅಲ್ಲಿಯೇ ಕುಳಿತು ನೋಡುವ ಅಭ್ಯಾಸವು ಅವರನ್ನು ಬಿಟ್ಟಿರಲಿಲ್ಲ. "ಮುಂಚೆ ಧಣಿಗಳ ಬಸ್ಸು ಓಡಿಸ್ವಾಗ ಟೈರು ಸವೀತಿದೆ ಅಂತ ನಮಗೆ ಕಾಣ್ತಾನೇ ಇರ್ಲಿಲ್ಲ. ನಮ್ಮದು ಅಂತ ಆದ ಮೇಲೆ ಬ್ರೇಕ್ ಹಾಕುವಾಗೆಲ್ಲ ಟೈರಿನ ರೇಟು ನೆನಪಾಗ್ತಿತ್ತು," ಎಂದರು. ಸಂಘವು ನಿಂತುದೇಕೆಂದು ಕೇಳಿದಾಗ ಅವರು ಯಾರನ್ನೂ ಬಯ್ಯಲಿಲ್ಲ. ಡೀಸೆಲ್ಲಿನ ಬೆಲೆ, ತೆರಿಗೆ, ವಿಮೆ, ಅದೇ ಹಾದಿಯಲ್ಲಿ ಅದೇ ವೇಳೆಗೆ ಓಡುವ ಇತರ ಬಸ್ಸುಗಳು, ರಿಯಾಯಿತಿಯಿಂದಾದ ಹೊರೆ. ಒಂದೊಂದನ್ನೂ ಬೆರಳು ಮಡಿಸಿ ಹೇಳಿದರು. 2020ರ ಫೆಬ್ರವರಿಯಲ್ಲಿ ಬಸ್ಸುಗಳು ನಿಂತುವು. ನೂರಾರು ಸಂಸಾರಗಳು ಮತ್ತೊಮ್ಮೆ ಬೀದಿಗೆ ಬಂದುವು. ಮರುತಿಂಗಳೇ ದೇಶವೆಲ್ಲ ಬಾಗಿಲು ಹಾಕಿಕೊಂಡುದರಿಂದ ಬೇರೆ ಕೆಲಸವನ್ನು ಹುಡುಕುವುದಕ್ಕೂ ಅವರಿಗೆ ಎಡೆಯಾಗಲಿಲ್ಲ.

ಮೂರು ದಶಕಗಳ ಕಾಲ ಆ ಬಸ್ಸುಗಳನ್ನು ನೋಡಲು ವಿದ್ವಾಂಸರು ಬಂದರು, ಪತ್ರಿಕೆಗಳು ಬರೆದುವು, ವೇದಿಕೆಗಳ ಮೇಲೆ ಹಾರಗಳು ಬಿದ್ದುವು. ಕೊರತೆ ಬಿದ್ದುದು ಹೊಗಳಿಕೆಯದಲ್ಲ. ತಾನಾಗಿ ಎದ್ದು ನಿಂತವನನ್ನು ಕಂಡೊಡನೆ 'ಇವನಿಗೆ ನಮ್ಮ ಅಗತ್ಯವಿಲ್ಲ' ಎಂದು ನಿರ್ಣಯಿಸಿ ಮುಂದೆ ಸಾಗುವ ಅಭ್ಯಾಸವೊಂದು ನಮ್ಮ ಸಾರ್ವಜನಿಕ ಜೀವನದಲ್ಲಿದೆ. ಹೊಸದಾಗಿ ಆರಂಭಿಸುವವನಿಗೆ ಸಹಾಯಧನವುಂಟು, ಮುಳುಗಿಹೋದವನಿಗೆ ಸಂತಾಪವುಂಟು. ಮೂವತ್ತು ವರ್ಷ ಈಜಿ ದಣಿದವನಿಗೆ ಒಂದು ವರ್ಷದ ಮಟ್ಟಿಗೆ ತೆರಿಗೆಯನ್ನು ತಡೆಹಿಡಿಯುವುದಕ್ಕೆ, ಬರಬೇಕಾದ ಹಣವನ್ನು ವೇಳೆಗೆ ಸರಿಯಾಗಿ ಕೊಡುವುದಕ್ಕೆ, ಯಾವ ಕಡತದಲ್ಲಿಯೂ ಅಂಕಣವಿರುವುದಿಲ್ಲ. ಪೂಲಿನ ಕಾಲದ ಬೆಳೆಗಾರನು ಕೊನೆಯ ಕಂತಿಗೆ ಕಾದ ಕಥೆಗೂ, ಈ ಬಸ್ಸಿನ ಕಥೆಗೂ ನಡುವೆ ದಶಕಗಳು ಕಳೆದಿದ್ದರೂ ವ್ಯಾಧಿಯು ಮಾತ್ರ ಒಂದೇ ಎಂದು, ಭದ್ರೆಯ ಸೇತುವೆಯನ್ನು ದಾಟುವಾಗ ನನಗೆ ದೃಢವಾಯಿತು.

ಕಳಸವು ಈಗ ಸ್ವತಂತ್ರ ತಾಲ್ಲೂಕಿನ ಕೇಂದ್ರ. ಕಳಸೇಶ್ವರನ ದೇವಾಲಯದ ಮೆಟ್ಟಿಲುಗಳಿಂದ ಕೆಳಗೆ ನೋಡಿದರೆ ಒಂದೇ ಬೀದಿಯ ಪೇಟೆಯು ಕಾಣಿಸುವುದು. ಹೊರನಾಡಿನ ಅನ್ನಪೂರ್ಣೇಶ್ವರಿಯ ದರ್ಶನಕ್ಕೆ ಹೋಗುವ ಯಾತ್ರಿಕರೇ ಅದಕ್ಕೆ ದೊಡ್ಡ ಆಧಾರ. ನೆರೆಯ ಕುದುರೆಮುಖದ ಅದಿರಿನ ಗಣಿಯು ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ 2005ರ ಕೊನೆಗೆ ನಿಂತಾಗ ಭದ್ರೆಯ ನೀರು ತಿಳಿಯಾಯಿತೆಂದು ಸಂತೋಷಪಟ್ಟವರಲ್ಲಿ ನಾನೂ ಒಬ್ಬನು. ಆ ಸಂತೋಷವನ್ನು ನಾನು ಇಂದಿಗೂ ಹಿಂತೆಗೆದುಕೊಳ್ಳುವವನಲ್ಲ. ಆದರೆ ಗಣಿಯೂರಿನ ಸಂಬಳವನ್ನು ನೆಚ್ಚಿದ್ದ ಟೇಲರನಿಗೂ ಕ್ಷೌರದ ಅಂಗಡಿಯವನಿಗೂ ಪರಿಹಾರದ ಪಟ್ಟಿಯಲ್ಲಿ ಸ್ಥಾನವೆಲ್ಲಿಂದ ಬರಬೇಕು?

ಊರಿನ ಹೊರಗಣ ಒಂದು ಮನೆಯ ಜಗುಲಿಯಲ್ಲಿ ಸ್ತ್ರೀಯರ ಸ್ವಸಹಾಯ ಸಂಘದ ವಾರದ ಸಭೆಯು ಸೇರಿದ್ದಿತು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯು 1982ರಲ್ಲಿ ನೆರೆಯ ಬೆಳ್ತಂಗಡಿಯಲ್ಲಿ ಆರಂಭವಾಗಿ ಘಟ್ಟದ ಮೇಲಕ್ಕೂ ಹಬ್ಬಿದುದರಿಂದಲೂ, 2000ದಲ್ಲಿ ಸರ್ಕಾರದ ಸ್ತ್ರೀಶಕ್ತಿ ಯೋಜನೆಯು ಬಂದುದರಿಂದಲೂ, ಈ ಹಳ್ಳಿಗಳಲ್ಲಿ ಸಂಘವಿಲ್ಲದ ಕೇರಿಯು ಅಪರೂಪ. ಅಡಿಕೆ ಹಾಳೆಯ ತಟ್ಟೆ ಮಾಡುವ ಯಂತ್ರಕ್ಕೆ, ಹೊಲಿಗೆಯ ಯಂತ್ರಕ್ಕೆ, ಕ್ಯಾಂಟೀನಿಗೆ ಇಲ್ಲಿಂದಲೇ ಸ್ವಲ್ಪ ಸ್ವಲ್ಪ ಹಣವು ಹೋಗಿದೆ. ಎಲ್ಲ ಕಡೆಯೂ ಇದು ಸುಖಕರವಾಗಿಯೇ ನಡೆದಿದೆಯೆಂದು ಹೇಳುವಂತಿಲ್ಲ. ಖಾಸಗಿ ಕಿರುಸಾಲದ ಸಂಸ್ಥೆಗಳ ವಸೂಲಿಯ ಕಾಟವು ಮಿತಿಮೀರಿ 2025ರ ಫೆಬ್ರವರಿಯಲ್ಲಿ ರಾಜ್ಯವು ಒಂದು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಸಭೆಯ ಪುಸ್ತಕವನ್ನು ಬರೆಯುತ್ತಿದ್ದಾಕೆಯು ಗ್ರಾಮ ಪಂಚಾಯಿತಿಯ ಸದಸ್ಯೆಯಾಗಿದ್ದವಳು. 1987ರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಚುನಾವಣೆಯಲ್ಲಿ, ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರ ಕಾಲದಲ್ಲಿ, ಸ್ತ್ರೀಯರಿಗೆ ನಾಲ್ಕನೆಯ ಒಂದು ಭಾಗದ ಸ್ಥಾನಗಳನ್ನು ಮೀಸಲಿಟ್ಟಾಗ ನಕ್ಕವರಿದ್ದರು. ಈಗ ಅರ್ಧದಷ್ಟು ಸ್ಥಾನಗಳು ಅವರವು, ಅಂದು ನಕ್ಕಂತಹವರೇ ಇಂತಹ ಜಗುಲಿಗೆ ಬಂದು ಅರ್ಜಿಯನ್ನು ಕೊಟ್ಟು ಹೋಗುವರು.

ಆ ದಿನದ ವಿಷಯವು ಸಂಜೆಯ ಬಸ್ಸು. 2023ರ ಜೂನಿನಿಂದ ಸರ್ಕಾರಿ ಬಸ್ಸುಗಳಲ್ಲಿ ಸ್ತ್ರೀಯರಿಗೆ ಪ್ರಯಾಣವು ಉಚಿತ; ಆದರೆ ಖಾಸಗಿ ಬಸ್ಸುಗಳೇ ಓಡುವ ಇಂತಹ ಹಾದಿಗಳಲ್ಲಿ ಆ ಉಚಿತದ ಫಲವು ಬಾಯಿಗೆ ಬಾರದು. ಆದುದರಿಂದ ಸಂಜೆ ಐದೂವರೆಗೆ ಒಂದು ಸರ್ಕಾರಿ ಬಸ್ಸನ್ನು ಕೇಳಿ ಮನವಿ ಬರೆಯುವುದೆಂದು ಬಹುಮತವಾಗಿದ್ದಿತು. ಆಗ ಮೂಲೆಯಲ್ಲಿ ಮಗುವನ್ನು ಮಲಗಿಸುತ್ತ ಕುಳಿತಿದ್ದ ಒಬ್ಬಳು ತಲೆಯೆತ್ತಿ, "ಐದೂವರೆಗೆ ನಮ್ಮ ಬಸ್ಸಿದೆಯಲ್ಲ. ಅತ್ತೆಗೆ ಉಸಿರು ಕಟ್ಟಿದ ದಿನ ರಾತ್ರಿ ಅದೇ ಬಸ್ಸಿನವರು ಗಾಡಿ ತಿರುಗಿಸ್ಕೊಂಡು ಆಸ್ಪತ್ರೆಗೆ ಬಿಟ್ರು. ಅವರದ್ದು ಒಂದೇ ಬಸ್ಸು. ಅವರ ಹೊಟ್ಟೆ ಮೇಲೆ ಹೊಡೀಬೇಕಾ?" ಎಂದಳು. ಜಗುಲಿಯಲ್ಲಿ ಗಲಭೆಯೇ ಎದ್ದಿತು. ದಿನಕ್ಕೆ ನಲವತ್ತು ರೂಪಾಯಿ ಉಳಿದರೆ ತಿಂಗಳಿಗೆ ಎಷ್ಟೆಂದು ಒಬ್ಬಳು ಲೆಕ್ಕ ಹಾಕಿದಳು. ಬಸ್ಸಿನವರು ಉದ್ರಿಗೆ ಟಿಕೆಟು ಕೊಟ್ಟ ವಾರಗಳನ್ನು ಇನ್ನೊಬ್ಬಳು ನೆನಪಿಸಿದಳು. ಸರ್ಕಾರಿ ಬಸ್ಸು ಎರಡು ತಿಂಗಳು ಓಡಿ ನಿಂತುಹೋದರೆ, ಅಷ್ಟರಲ್ಲಿ ಇರುವ ಬಸ್ಸೂ ನಿಂತಿದ್ದರೆ, ಮಕ್ಕಳು ಹೇಗೆ ಬರಬೇಕೆಂದು ಮೂರನೆಯವಳು ಕೇಳಿದಳು. ಸಹಕಾರ ಸಾರಿಗೆಯ ಹೆಸರು ಅಲ್ಲಿಯೂ ಬಂದಿತು.

ಬಹಳ ಹೊತ್ತಿನ ಮೇಲೆ ಪುಸ್ತಕದಾಕೆಯು ಎಲ್ಲರನ್ನೂ ಸುಮ್ಮನಿರಿಸಿ, ಖಾಸಗಿ ಬಸ್ಸಿಲ್ಲದ ಹೊತ್ತಿಗೆ, ಎಂದರೆ ಬೆಳಗ್ಗೆ ಆರೂಮುಕ್ಕಾಲಿಗೂ ಸಂಜೆ ಏಳಕ್ಕೂ, ಸರ್ಕಾರಿ ಬಸ್ಸನ್ನು ಕೇಳೋಣವೆಂದಳು; ತೋಟದಿಂದ ತಡವಾಗಿ ಬಿಡುವವರಿಗೆ ಏಳರದೇ ಅನುಕೂಲವೆಂದು ಇಬ್ಬರು ಒಪ್ಪಿದರು, ಒಬ್ಬಳು ಕೊನೆಯವರೆಗೂ ಒಪ್ಪಲಿಲ್ಲ. ಅಕ್ಷರವು ದುಂಡಗಿರುವುದೆಂಬ ನೆಪದಿಂದ ಮನವಿಯನ್ನು ಬರೆಯುವ ಕೆಲಸವು ನನ್ನ ಪಾಲಿಗೆ ಬಂದಿತು. ನಾನು ಪೀಠಿಕೆಯೊಂದನ್ನು ಭಾವಪೂರ್ಣವಾಗಿ ಆರಂಭಿಸಿದೆನು. ಆಕೆಯು ಅದನ್ನು ಓದಿ, ಮೊದಲ ಐದು ಸಾಲುಗಳನ್ನು ಹೊಡೆದುಹಾಕಿ, ಬಸ್ಸಿನ ಎರಡು ವೇಳೆಗಳನ್ನು ಮೇಲಕ್ಕೆ ತರಿಸಿದಳು. ಒಪ್ಪದವಳೂ ಸಹಿ ಹಾಕಿದಳು, ತನ್ನ ಹೆಸರಿನ ಪಕ್ಕದಲ್ಲಿ 'ಐದೂವರೆಗೂ ಬೇಕು' ಎಂದು ಬರೆದೇ ಹಾಕಿದಳು. ಅದನ್ನು ಯಾರೂ ಹೊಡೆದುಹಾಕಲಿಲ್ಲ. ತರುವಾಯ ಉಳಿತಾಯದ ಹಣವನ್ನು ಎಣಿಸುವುದಕ್ಕೆ ತೊಡಗಿದರು.